ಖಾಲಿ ತಿರುಗುವ ಮಷೀನು

ಹಿಂದೆ ಹಿಂದೆ ನಡೆಯುವುದರಲ್ಲಿ ದೊಡ್ಡವಳದು ಎತ್ತಿದ ಕೈ. ತಮಾಷೆಗೆ ಹೇಳುತ್ತಿಲ್ಲ, ಅದು ಅವಳ ಕೆಲಸ. ಅವಳು ಓದುತ್ತಿದ್ದ ವಿಶ್ವವಿದ್ಯಾಲಯ ಎಷ್ಟು ಹೆಸರುವಾಸಿಯೆಂದರೆ, ಅಲ್ಲಿ ಓದುವುದಿರಲಿ, ಸುಮ್ಮನೆ ನೋಡಿಕೊಂಡು ಹೋಗುವುದಕ್ಕೂ ಜನ ಸಾಲುಗಟ್ಟುತ್ತಿದ್ದರು. ಸೇರಬೇಕೆಂದಿರುವ ಮಕ್ಕಳನ್ನೂ ಅವರ ಹೆತ್ತವರನ್ನೂ ಶನಿವಾರ ಶನಿವಾರ ಗುಂಪು ಕಟ್ಟಿ ಆವರಣ ಸುತ್ತಿಸುವುದಕ್ಕೆ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನೇ ನೇಮಿಸಿದ್ದರು. ಬಂದವರಿಗೆ ಬೆನ್ನು ತೋರಿಸಕೂಡದು, ಮುಖ ಕೊಟ್ಟು ಮಾತಾಡಬೇಕು, ಮಾತಾಡುತ್ತಲೇ ನಡೆಯಬೇಕು ಎಂದು ಕಚೇರಿಯ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಇಷ್ಟನ್ನೂ ಒಟ್ಟಿಗೆ ಪಾಲಿಸಬೇಕಾದರೆ ಮನುಷ್ಯನಿಗೆ ಉಳಿಯುವುದು ಒಂದೇ ದಾರಿ, ಹಿಮ್ಮುಖವಾಗಿ ನಡೆಯುವುದು.

ಮೊದಮೊದಲು ಎಲ್ಲರೂ ಎಡವುತ್ತಾರೆ. ದೊಡ್ಡವಳೂ ಎಡವಿದ್ದಳು. ಈಗ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅವಳ ಹಿಮ್ಮಡಿಗೇ ಕಣ್ಣು ಮೂಡಿತ್ತು. ಕಂಬ, ಮೆಟ್ಟಿಲು, ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿದ ಹುಡುಗರು, ಯಾವುದನ್ನೂ ತಿರುಗಿ ನೋಡದೆ ದಾಟುತ್ತಿದ್ದಳು. ಚಟ ಎಷ್ಟು ಅಂಟಿತ್ತೆಂದರೆ, ಕಳೆದ ರಜೆಯಲ್ಲಿ ಮನೆಗೆ ಬಂದ ಚಿಕ್ಕಮ್ಮನಿಗೆ ಹೊಸದಾಗಿ ಬಣ್ಣ ಹೊಡೆಸಿದ ಕೋಣೆಗಳನ್ನು ತೋರಿಸುತ್ತ, "ನಿಮ್ಮ ಎಡಗಡೆ ಇರೋದು ಅಡುಗೆಮನೆ" ಎನ್ನುತ್ತ ಹಿಂದೆ ಹಿಂದೆ ಹೋಗಿ, ನೆಲ ಒರೆಸಲು ಇಟ್ಟಿದ್ದ ನೀರಿನ ಬಕೆಟ್ಟಿನಲ್ಲಿ ಕೂತುಬಿಟ್ಟಿದ್ದಳು. ಅಮ್ಮ ನಕ್ಕು ನಕ್ಕು ಸುಸ್ತಾದಳು. ಅಪ್ಪ ನಗಲಿಲ್ಲ. ಅಪ್ಪ ಬಸ್ಸಿನ ಡ್ರೈವರು. ಹಿಂದೆ ಒಬ್ಬರು ನಿಂತು ಕೈ ಮಾಡದೆ ಗಾಡಿಯನ್ನು ಹಿಂದಕ್ಕೆ ತೆಗೆಯುವುದು ಅವನ ಲೆಕ್ಕದಲ್ಲಿ ಕ್ಷಮೆಯಿಲ್ಲದ ತಪ್ಪು.

"ಎಷ್ಟೇ ಪಳಗಿದ ಡ್ರೈವರ್ ಆದ್ರೂ ರಿವರ್ಸ್ ಹೊಡೆಯೋವಾಗ ಹಿಂದೆ ಒಬ್ರು ಬೇಕು ಮಗಳೇ," ಎಂದಿದ್ದ. "ನೀನು ಯಾರನ್ನ ನಂಬ್ಕೊಂಡು ಹೀಗೆ ನಡೀತೀಯ?"

ಇಂಥ ದೊಡ್ಡವಳಿಗೂ ಆ ಶನಿವಾರ ಬೆಳಿಗ್ಗೆ ಹೆಜ್ಜೆ ಇಡುವುದೇ ಬೇಡವಾಗಿತ್ತು. ಕಾರಣ, ಊರಿನಿಂದ ಅಪ್ಪ ಬರುತ್ತಿದ್ದ, ಜೊತೆಗೆ ಚಿಕ್ಕವಳೂ ಬರುತ್ತಿದ್ದಳು.

ಚಿಕ್ಕವಳು ಎಂದರೆ ತಂಗಿ. ಶಾಲೆ ಮುಗಿಸಿದ್ದಳು. ಊರಿನ ಕಾಲೇಜಿನಲ್ಲೂ ಸೀಟು ಸಿಕ್ಕಿತ್ತು, ಅಕ್ಕ ಓದುವ ಇಲ್ಲೂ ಸಿಕ್ಕಿತ್ತು. ಸೋಮವಾರದೊಳಗೆ ಒಂದನ್ನು ಹಿಡಿದು ಒಂದನ್ನು ಬಿಡಬೇಕು. ಅಪ್ಪ, ಅಮ್ಮ ಇಬ್ಬರೂ ಕೈತೊಳೆದುಕೊಂಡಿದ್ದರು. "ಅಲ್ಲಿ ಇದ್ದು ನೋಡಿದೋಳು ಅಕ್ಕ. ಅವಳನ್ನ ಕೇಳು, ಅವಳು ಹೇಳಿದ ಹಾಗೆ ಮಾಡು," ಎಂದಿದ್ದರು. ಚಿಕ್ಕವಳು ಮಾತ್ರ, "ಒಂದ್ಸಲ ಕಣ್ಣಾರೆ ನೋಡ್ಕೊಂಡು ಬಂದು ಹೇಳ್ತೀನಿ," ಎಂದು ಹಟ ಹಿಡಿದು ಅಪ್ಪನನ್ನು ಹೊರಡಿಸಿದ್ದಳು.

ದೊಡ್ಡವಳಿಗೆ ಇದು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು. ಏಕೆಂದರೆ ಇಲ್ಲಿಯ ಬಗ್ಗೆ ಅವಳು ಮನೆಗೆ ಹೇಳಿದ್ದರಲ್ಲಿ ಮೊದಲ ವರ್ಷದ್ದು ಬಹುಪಾಲು ಬರೀ ಕಾಗೆ ಹಾರಿಸಿದ್ದು.

ಊರಿನ ಶಾಲೆಯಲ್ಲಿ ಅವಳೇ ಯಾವಾಗಲೂ ಮೊದಲು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಇಲ್ಲಿಗೆ ಬಂದು ನೋಡಿದರೆ ಒಂದೊಂದು ಬೆಂಚಿನಲ್ಲೂ ಒಬ್ಬೊಬ್ಬ ಗೌಡ ಕೂತಿದ್ದಾನೆ. ಗಣಿತದ ಮೊದಲ ತರಗತಿಯಲ್ಲೇ ಮೇಷ್ಟ್ರು ಹಲಗೆಯ ತುಂಬ ಏನೇನೋ ಬರೆದು, "ಇದೆಲ್ಲ ನಿಮಗೆ ಗೊತ್ತೇ ಇರುತ್ತೆ," ಎಂದು ಒರೆಸಿಬಿಟ್ಟರು. ಎಲ್ಲರೂ ತಲೆಯಾಡಿಸಿದರು. ದೊಡ್ಡವಳೂ ಆಡಿಸಿದಳು. ಆ ವರ್ಷ ಅವಳು ಕಲಿತದ್ದಕ್ಕಿಂತ ತಲೆಯಾಡಿಸಿದ್ದೇ ಹೆಚ್ಚು. ಊಟದ ಮನೆಯಲ್ಲಿ ನೂರಾರು ಜನ ಒಟ್ಟಿಗೆ ಮಾತಾಡುತ್ತಿದ್ದರು, ತಟ್ಟೆ ಹಿಡಿದು ಯಾರ ಪಕ್ಕ ಕೂರಲಿ ಎಂದು ಹುಡುಕುತ್ತ ನಿಂತರೆ ಸಾರು ತಣ್ಣಗಾಗುತ್ತಿತ್ತು. ಹಾಸ್ಟೆಲ್ ಕೋಣೆಯ ಜೊತೆಗಾತಿ ಒಳ್ಳೆಯವಳೇ, ಆದರೆ ಸದಾ ಓದು. ಅವಳು ಪುಟ ತಿರುಗಿಸುವ ಸದ್ದು ಕೇಳುವಷ್ಟು ಚಿಕ್ಕ ಕೋಣೆಯಲ್ಲಿ ಬಾಯಿಬಿಟ್ಟು ಅಳುವುದಾದರೂ ಹೇಗೆ?

ಹಾಗಾಗಿ ದೊಡ್ಡವಳು ಹಾಸ್ಟೆಲಿನ ನೆಲಮಾಳಿಗೆಗೆ ಇಳಿಯುತ್ತಿದ್ದಳು. ಅಲ್ಲಿ ಬಟ್ಟೆ ಒಗೆಯುವ ಕೋಣೆ ಇತ್ತು. ಗೋಡೆಗುಂಟ ಬಟ್ಟೆ ಒಗೆಯುವ, ಒಣಗಿಸುವ ಮಷೀನುಗಳ ಸಾಲು, ಎದುರಿಗೆ ಒಂದು ಉದ್ದನೆಯ ಮರದ ಬೆಂಚು. ಒಣಗಿಸುವ ಮಷೀನೊಂದನ್ನು ಬಟ್ಟೆಯಿಲ್ಲದೆ ಖಾಲಿ ಓಡಿಸಿದರೆ ಅದು ಗುಂಯ್ ಎಂದು ಸದ್ದು ಮಾಡುತ್ತಿತ್ತು. ಆ ಸದ್ದಿನ ಮರೆಯಲ್ಲಿ ಎಷ್ಟು ಬೇಕಾದರೂ ಅಳಬಹುದಿತ್ತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಅಲ್ಲಿಂದಲೇ ಮನೆಗೆ ಫೋನು.

"ಊಟ ಆಯ್ತಾ?" ಎಂದು ಅಮ್ಮ.

"ಆಯ್ತು."

"ಸ್ನೇಹಿತರು?"

"ಅಯ್ಯೋ, ಲೆಕ್ಕಕ್ಕೇ ಸಿಗಲ್ಲ."

"ಅದೇನೇ ಅದು, ಗುಂಯ್ ಅಂತ ಸದ್ದು?"

"ಬಟ್ಟೆ ಒಗೀತಿದೀನಮ್ಮ."

ಅಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮಗಳು ಪಟ್ಟಣಕ್ಕೆ ಹೋಗಿ ದಿನಾ ಬಟ್ಟೆ ಒಗೆಯುತ್ತಾಳೆಂದು ಅಕ್ಕಪಕ್ಕದವರಿಗೆಲ್ಲ ಡಂಗುರ ಸಾರಿದಳು. ಇಷ್ಟು ಹೆಮ್ಮೆ ಪಟ್ಟ ತಾಯಿಗೆ ಇನ್ನು ನಿಜ ಹೇಳುವ ಬಾಯಿ ಯಾರಿಗಿದ್ದೀತು!

ಎರಡನೇ ವರ್ಷದಿಂದ ದಿನಗಳು ತಿರುಗಿದವು. ಸ್ನೇಹ ಸಿಕ್ಕಿತು, ಗಣಿತ ಹಿಡಿತಕ್ಕೆ ಬಂತು, ಗ್ರಂಥಾಲಯದ ಮೂಲೆಯ ಕಿಟಕಿ ಅವಳದೇ ಎನ್ನುವಂತಾಯಿತು. ಈಗ ಯಾರಾದರೂ ಇದನ್ನು ಬಿಟ್ಟು ಬಾ ಎಂದರೆ ಅವಳು ಜಗಳಕ್ಕೇ ನಿಲ್ಲುತ್ತಾಳೆ. ಆದರೆ ಹಳೆಯ ಸುಳ್ಳು ಹಾಗೇ ಉಳಿಯಿತು. ಅಕ್ಕ ಕಾಲಿಟ್ಟ ದಿನದಿಂದ ಒಂದು ಹನಿ ಕಣ್ಣೀರು ಹಾಕದೆ ರಾಣಿಯಂತೆ ಇದ್ದಾಳೆ ಎಂದೇ ಮನೆಯವರು ನಂಬಿದ್ದರು. ದೂರದ ಬೆಟ್ಟ ನುಣ್ಣಗೆ. ಅದನ್ನು ಇನ್ನಷ್ಟು ತಿಕ್ಕಿ ನುಣ್ಣಗೆ ಮಾಡಿಟ್ಟವಳು ಇವಳೇ.

ಈಗ ತಂಗಿಗೆ ಏನು ಹೇಳುವುದು? ತಂಗಿ ಬರಬೇಕು ಎಂದು ದೊಡ್ಡವಳಿಗೆ ಪ್ರಾಣ ಹೋಗುವಷ್ಟು ಆಸೆ. ಸುಳ್ಳು ನಂಬಿಕೊಂಡು ಬಂದರೆ ಮೊದಲ ತಿಂಗಳಲ್ಲೇ ಕುಸಿದು ಬೀಳುತ್ತಾಳೆ. ಚಿಕ್ಕವಳು ಮೊದಲೇ ಅಳುಬುರುಕಿ, ಬೆಕ್ಕು ಹಾಲು ಕುಡಿಯದಿದ್ದರೂ ಅಳುವವಳು. ನಿಜ ಹೇಳಿದರೆ ಬರುವುದೇ ಇಲ್ಲ. ಈ ಲೆಕ್ಕಕ್ಕೆ ಗಣಿತದ ಹುಡುಗಿಗೂ ಉತ್ತರ ಸಿಗಲಿಲ್ಲ. ಕೊನೆಗೆ ಎಲ್ಲ ಹೆದರುಪುಕ್ಕಲರೂ ಮಾಡುವುದನ್ನೇ ಮಾಡಿದಳು, ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದಳು. ನೆಂಟರಿದ್ದ ಗುಂಪನ್ನು ತಾವೇ ಸುತ್ತಿಸಬಾರದು ಎಂಬ ನಿಯಮವೂ ಇತ್ತು. ಅಪ್ಪನನ್ನೂ ತಂಗಿಯನ್ನೂ ಗಿಣಿಯ ಗುಂಪಿಗೆ ಹಾಕಿಸಿದಳು. ಗಿಣಿ ಎಂದರೆ ಅವಳ ಜೊತೆಯ ಹುಡುಗ. ಮೇಡಂ ಬರೆದುಕೊಟ್ಟ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದದ್ದರಿಂದ ಆ ಹೆಸರು.

ಆದರೆ ಗ್ರಹಚಾರ ನೆಟ್ಟಗಿರಬೇಕಲ್ಲ! ಬೆಳಿಗ್ಗೆ ಗಿಣಿಯ ಗಂಟಲು ಕಟ್ಟಿತ್ತು. ಬಾಯಿ ತೆರೆದರೆ ಗಾಳಿ ಬಿಟ್ಟರೆ ಬೇರೇನೂ ಬರಲೊಲ್ಲದು.

"ಅವನ ಗುಂಪೂ ನಿನ್ನದೇ ಇವತ್ತು," ಎಂದರು ಮೇಡಂ.

"ಅದರಲ್ಲಿ ನಮ್ಮಪ್ಪ ಇದಾರೆ ಮೇಡಂ."

"ಇರ್ಲಿ ಬಿಡು. ಅಪ್ಪ ಇದಾರೆ ಅಂತ ಗಡಿಯಾರದ ಗೋಪುರ ಬೇರೆ ಕಡೆ ಹೋಗುತ್ತಾ?"

ಹೀಗೆ ದೊಡ್ಡವಳು ಮುಖ್ಯದ್ವಾರದ ಬಳಿ ಬಂದು, ಎದುರಿಗೆ ನಿಂತ ಗುಂಪಿಗೆ ಹಲ್ಲು ಕಿರಿದು ನಮಸ್ಕಾರ ಹೇಳಿದಳು. ಹಿಂದಿನ ಸಾಲಿನಲ್ಲಿ ಅಪ್ಪ, ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ಕ್ರಾಪು. ಪಕ್ಕದಲ್ಲಿ ಚಿಕ್ಕವಳು, ಅಕ್ಕನ ಹಳೆಯ ಸ್ವೆಟರು. ಅಪ್ಪ ಕೈ ಎತ್ತಿ ಜೋರಾಗಿ ಬೀಸಿದ. ಚಿಕ್ಕವಳು ಬೀಸಲಿಲ್ಲ, ಸುಮ್ಮನೆ ನೋಡಿದಳು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿ ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಅದೇ ದೊಡ್ಡವಳಿಗೆ ದಿಗಿಲು.

"ಬನ್ನಿ, ಹೋಗೋಣ," ಎಂದು ಹಿಂದಕ್ಕೆ ಹೆಜ್ಜೆ ಇಟ್ಟಳು.

"ಬರ್ಲಿ ಬರ್ಲಿ ಬರ್ಲಿ!" ಎಂದು ಹಿಂದಿನ ಸಾಲಿನಿಂದ ಗಟ್ಟಿ ದನಿ ಕೇಳಿತು.

ಗುಂಪೆಲ್ಲ ತಿರುಗಿ ನೋಡಿತು. ಅಪ್ಪನಿಗೆ ತಾನು ಕೂಗಿದ್ದೇ ಗೊತ್ತಿರಲಿಲ್ಲ. ಮಗಳು ಹಿಂದಕ್ಕೆ ಬರುತ್ತಿದ್ದಾಳೆ, ಹಿಂದೆ ಯಾರೂ ಇಲ್ಲ, ಇಷ್ಟೇ ಅವನ ಕಣ್ಣಿಗೆ ಕಂಡದ್ದು. ಜನರನ್ನು ಸರಿಸಿಕೊಂಡು ಮುಂದೆ ಬಂದ, ಅವಳ ಬೆನ್ನ ಹಿಂದಿನ ದಾರಿ ಕಾಣುವ ಜಾಗ ಹಿಡಿದ, ಕೈ ಆಡಿಸತೊಡಗಿದ. "ಸ್ವಲ್ಪ ಬಲಕ್ಕೆ... ಹಾಂ, ಹಾಗೇ... ಬರ್ಲಿ ಬರ್ಲಿ... ಕಲ್ಲಿದೆ, ಹೋಲ್ಡಾನ್!"

ದೊಡ್ಡವಳು ನಿಂತೇಬಿಟ್ಟಳು. ಆ ಕಲ್ಲನ್ನು ಅವಳು ಶನಿವಾರ ಶನಿವಾರ ದಾಟಿದ್ದಳು, ಆದರೂ ಹೋಲ್ಡಾನ್ ಎಂದ ಮೇಲೆ ಬಸ್ ಡ್ರೈವರನ ಮಗಳು ಹೇಗೆ ನಿಲ್ಲದಿರುತ್ತಾಳೆ? ಗುಂಪು ಗೊಳ್ಳೆಂದು ನಕ್ಕಿತು. ಛತ್ರಿ ಹಿಡಿದ ಒಬ್ಬ ತಾಯಿ, "ನಿಮ್ಮ ಮಗಳಾ?" ಎಂದು ಕೇಳಿದರು. "ದೊಡ್ಡೋಳು," ಎಂದ ಅಪ್ಪ, ಎದೆ ಉಬ್ಬಿಸಿಕೊಂಡು. ನಾಚಿಕೆಯಿಂದ ದೊಡ್ಡವಳ ಕಿವಿ ಕೆಂಪಾಯಿತು, ಜೊತೆಗೆ ಎಷ್ಟೋ ದಿನದಿಂದ ಇಲ್ಲದ ಒಂದು ನೆಮ್ಮದಿಯೂ ಆಯಿತು. ಎರಡೂ ಒಟ್ಟಿಗೆ ಆಗುವುದು ಅಪ್ಪಂದಿರ ಎದುರಿಗೆ ಮಾತ್ರ.

ಹೀಗೆ ಮೆರವಣಿಗೆ ಸಾಗಿತು. ಗಡಿಯಾರದ ಗೋಪುರದ ಕೆಳಗೆ, "ಇದು ಎಂದೂ ತಪ್ಪು ಸಮಯ ತೋರಿಸಿಲ್ಲ," ಎಂದಳು ದೊಡ್ಡವಳು. ಅಪ್ಪ ಕೈಗಡಿಯಾರ ನೋಡಿಕೊಂಡು, "ಸ್ವಲ್ಪ ಮುಂದಿದೆ," ಎಂದ. ಗ್ರಂಥಾಲಯದಲ್ಲಿ ಎಲ್ಲರೂ ಪಿಸುಮಾತಿಗೆ ಇಳಿದರು, ಅಪ್ಪನೂ "ಬರ್ಲಿ ಬರ್ಲಿ" ಎಂದು ಪಿಸುಗುಟ್ಟಿದ. ದೊಡ್ಡ ಉಪನ್ಯಾಸ ಭವನದಲ್ಲಿ ದೊಡ್ಡವಳು, "ಇಲ್ಲಿ ಕೂತ ಪ್ರತಿಯೊಬ್ಬರ ಪ್ರಶ್ನೆಗೂ ಬೆಲೆ ಇದೆ," ಎಂಬ ಮೇಡಂ ವಾಕ್ಯ ಹೇಳಿದಳು. ತಾನು ತಲೆಯಾಡಿಸುತ್ತ ಕೂತಿದ್ದ ಬೆಂಚು ಕಣ್ಣಿಗೆ ಬಿತ್ತು, ಮುಂದಿನ ವಾಕ್ಯಕ್ಕೆ ಹಾರಿದಳು. ಚಿಕ್ಕವಳು ಎಲ್ಲವನ್ನೂ ನೋಡುತ್ತಿದ್ದಳು.

ಕೊನೆಗೆ ಹುಲ್ಲುಹಾಸಿನ ಮೇಲೆ ಎಲ್ಲರನ್ನೂ ನಿಲ್ಲಿಸಿ, "ಪ್ರಶ್ನೆ ಇದ್ರೆ ಕೇಳಿ," ಎಂದಳು. ಛತ್ರಿ ತಾಯಿಯ ಹಿಂದೆ ಒಬ್ಬ ಉದ್ದನೆಯ ಹುಡುಗ ಅಡಗಿ ನಿಂತಿದ್ದ, ಅವರ ಮಗ. ಆ ತಾಯಿ ಅವನನ್ನು ಒಮ್ಮೆ ನೋಡಿ ಕೇಳಿದರು.

"ನಿಜ ಹೇಳಮ್ಮ. ಮಕ್ಕಳು ಇಲ್ಲಿ ಖುಷಿಯಾಗಿರ್ತಾರಾ?"

"ಇಲ್ಲಿ ಯಾರಿಗೂ ಒಂಟಿ ಅನ್ಸೋದೇ ಇಲ್ಲ," ಎಂದು ದೊಡ್ಡವಳು ಬಾಯಿಪಾಠ ಒಪ್ಪಿಸಿದಳು. ಗಿಣಿಯೇ ಬಂದಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಆಗ ಚಿಕ್ಕವಳು ಕೈ ಎತ್ತಿದಳು.

"ನನ್ನದೊಂದು ಪ್ರಶ್ನೆ," ಎಂದಳು, ಪರಿಚಯವೇ ಇಲ್ಲದವಳ ಹಾಗೆ. "ಬಟ್ಟೆ ಒಗೆಯೋ ಕೋಣೆ ತೋರಿಸ್ತೀರಾ?"

ನಾಲ್ಕಾರು ಜನ ನಕ್ಕರು. ಛತ್ರಿ ತಾಯಿ ಮಾತ್ರ, "ಸರಿಯಾಗಿ ಕೇಳ್ದೆ ಮಗು! ಗೋಪುರ ನೋಡಿ ಏನಾಗ್ಬೇಕು, ಇದನ್ನ ನೋಡ್ಬೇಕು," ಎಂದು ಛತ್ರಿಯನ್ನು ನೆಲಕ್ಕೆ ಕುಟ್ಟಿದರು. ಉಳಿದವರೂ ಹೌದು ಹೌದು ಎಂದರು.

ದೊಡ್ಡವಳು ತಂಗಿಯ ಮುಖ ನೋಡಿದಳು. ಅದರಲ್ಲಿ ನಗು ಇರಲಿಲ್ಲ. ಗೊತ್ತು ಇವಳಿಗೆ, ಅಂದುಕೊಂಡಳು. ಹೇಗೆ ಗೊತ್ತು, ಎಷ್ಟು ಗೊತ್ತು ಅದು ತಿಳಿಯದು, ಆದರೆ ಗೊತ್ತು. ಆ ಕೋಣೆ ನೋಡುವ ದಾರಿಯಲ್ಲಿಲ್ಲ, ಬೀಗ ಹಾಕಿದೆ, ಸುಣ್ಣ ಹೊಡೆಯುತ್ತಿದ್ದಾರೆ, ಏನು ಬೇಕಾದರೂ ಹೇಳಬಹುದಿತ್ತು. ಸುಳ್ಳು ಹೇಳಿ ಹೇಳಿ ನಾಲಿಗೆ ಪಳಗಿತ್ತು. ಆದರೆ ಅಪ್ಪ ಅಷ್ಟರಲ್ಲಿ ಅವಳ ಹಿಂದಿನ ದಾರಿ ನೋಡಿ, "ಎಲ್ಲಿ, ಈ ಕಡೆನಾ? ಬರ್ಲಿ ಬರ್ಲಿ," ಎನ್ನುತ್ತಿದ್ದ. ದೊಡ್ಡವಳು ಹೊರಟಳು.

ನೆಲಮಾಳಿಗೆಯ ಮೆಟ್ಟಿಲು ಕಡಿದು, ಇಕ್ಕಟ್ಟು. ಎಷ್ಟೇ ಪಳಗಿದವರಾದರೂ ಅಲ್ಲಿ ಹಿಮ್ಮುಖವಾಗಿ ಇಳಿಯಲಾಗದು. ದೊಡ್ಡವಳು ತಿರುಗಿದಳು. ಅವತ್ತು ಮೊದಲ ಸಲ ಗುಂಪಿಗೆ ಅವಳ ಬೆನ್ನು ಕಂಡಿತು, ಅವಳಿಗೆ ಯಾರ ಮುಖವೂ ಕಾಣದಾಯಿತು. ಹಿಂದೆ ಅಪ್ಪನ ಚಪ್ಪಲಿಯ ಸದ್ದು ಬರುತ್ತಿತ್ತು. ಹೇಳಬೇಕಾದ ಮಾತು ಬಾಯಿಗೆ ಬಂದದ್ದು ಆ ಮೆಟ್ಟಿಲುಗಳ ಮೇಲೆ, ಯಾರೂ ಮುಖ ನೋಡದೆ ಇದ್ದಾಗ.

ಕೋಣೆಯಲ್ಲಿ ಸೋಪಿನ ವಾಸನೆ, ಬಿಸಿ ಗಾಳಿ. ಮರದ ಬೆಂಚಿನ ಮೇಲೆ ಒಬ್ಬಳು ಕಾಲು ಮಡಚಿ ಕೂತು, ಮೊಣಕಾಲ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡಿದ್ದಳು. ವೈದ್ಯಕೀಯ ಓದುವ ಹುಡುಗಿ, ದೊಡ್ಡವಳ ಜೀವದ ಗೆಳತಿ. ಇನ್ನೂ ಪರೀಕ್ಷೆ ಮುಗಿಸದಿದ್ದರೂ ಎಲ್ಲರ ಬಾಯಲ್ಲೂ ಡಾಕ್ಟರು. ಗುಂಪನ್ನು ನೋಡಿ ಕಣ್ಣರಳಿಸಿದಳು.

"ಇದನ್ನೂ ತೋರಿಸೋಕೆ ಶುರು ಮಾಡಿದ್ರಾ? ಟಿಕೆಟ್ ಇಡಿ ಹಾಗಾದ್ರೆ."

ಅವಳ ಎದುರಿನ ಮಷೀನು ಗುಂಯ್ ಎನ್ನುತ್ತಿತ್ತು, ಆ ಸದ್ದಿಲ್ಲದೆ ಅವಳಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಅಪ್ಪ ಹತ್ತಿರ ಹೋಗಿ ಅದರ ಗಾಜಿನ ಬಾಗಿಲಿಗೆ ಮೂಗು ತಾಗಿಸಿ ನೋಡಿದ. "ಏನಮ್ಮ ಇದು? ಒಳಗೆ ಏನೂ ಇಲ್ಲ, ಖಾಲಿ ಓಡ್ತಾ ಇದೆ!" ಎಂದ. ಆಮೇಲೆ ನೆಟ್ಟಗೆ ನಿಂತು, ತಲೆ ಓರೆ ಮಾಡಿ ಆ ಸದ್ದನ್ನೇ ಕೇಳಿಸಿಕೊಂಡ. ಫೋನಿನಲ್ಲಿ ಒಂದು ವರ್ಷ ಕೇಳಿದ ಸದ್ದು ಅದು. ಅವನ ಮುಖ ನಿಧಾನವಾಗಿ ಬದಲಾಯಿತು.

"ಹೌದಪ್ಪ," ಎಂದಳು ದೊಡ್ಡವಳು. "ಅವತ್ತೂ ಖಾಲೀನೇ ಓಡ್ತಿತ್ತು. ನಾನು ಬಟ್ಟೆ ಒಗೀತಿರಲಿಲ್ಲ, ಅಳ್ತಿದ್ದೆ."

ಆಮೇಲೆ ಗುಂಪಿನ ಕಡೆ ತಿರುಗಿದಳು. ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲುವುದಿಲ್ಲ.

"ಮೇಲೆ ನಾನು ಹೇಳಿದ್ದು ಸುಳ್ಳು. ಇಲ್ಲಿ ಒಂಟಿ ಅನ್ಸುತ್ತೆ. ನನಗೆ ಮೊದಲ ವರ್ಷ ಪೂರ್ತಿ ಅನ್ಸಿತ್ತು. ಪಾಠ ಅರ್ಥ ಆಗ್ತಿರಲಿಲ್ಲ, ಎಲ್ಲರಿಗೂ ಆಗ್ತಿದೆ ಅಂದ್ಕೊಂಡು ತಲೆ ಆಡಿಸ್ತಿದ್ದೆ. ಕೋಣೇಲಿ ಅತ್ರೆ ಗೊತ್ತಾಗುತ್ತೆ ಅಂತ ಇಲ್ಲಿಗೆ ಬಂದು ಮಷೀನು ಹಾಕ್ಕೊಂಡು ಅಳ್ತಿದ್ದೆ. ಎರಡನೇ ವರ್ಷದ ಶುರುವಲ್ಲಿ ಒಂದಿನ ಇವಳು ಬಂದು ಪಕ್ಕದಲ್ಲಿ ಕೂತ್ಲು." ಡಾಕ್ಟರ ಕಡೆ ಕೈ ತೋರಿಸಿದಳು. "ನಿಮ್ಮ ಮಷೀನಲ್ಲಿ ಬಟ್ಟೆ ಇಲ್ಲ ಅಂದ್ಲು. ಹಾಕೋದು ಮರೆತೆ ಅಂದೆ."

"ನಾನೂ ಮರೆತಿದೀನಿ ಅಂದೆ," ಎಂದಳು ಡಾಕ್ಟರು ಪುಸ್ತಕ ಮುಚ್ಚಿ. "ಸೇರಿದಾಗಿಂದ ಮರೀತಾನೇ ಇದೀನಿ ಅಂದೆ. ನೋಡಿದ್ರೆ ನಮ್ಮಿಬ್ಬರ ಮಷೀನೂ ಖಾಲಿ."

"ಆಮೇಲೆ?" ಎಂದರು ಛತ್ರಿ ತಾಯಿ.

"ಆಮೇಲೆ ಇಬ್ಬರೂ ನಕ್ವಿ. ಮಾರನೇ ದಿನ ತರಗತೀಲಿ ಕೈ ಎತ್ತಿ, ಅರ್ಥ ಆಗ್ತಿಲ್ಲ ಅಂದೆ. ಎಲ್ಲಿಂದ ಆಗ್ತಿಲ್ಲ ಅಂತ ಮೇಷ್ಟ್ರು ಕೇಳಿದ್ರು. ಮೊದಲಿನಿಂದ ಅಂದೆ. ಅಬ್ಬಾ, ಒಬ್ಬರಾದ್ರೂ ಬಾಯಿ ಬಿಟ್ರಲ್ಲ ಅಂತ ಮೇಷ್ಟ್ರು ಮೊದಲಿನಿಂದ ಶುರು ಮಾಡಿದ್ರು. ಇಡೀ ತರಗತಿ ಉಸಿರು ಬಿಟ್ಟಿದ್ದು ನನಗೆ ಕೇಳಿಸ್ತು. ಅದಾದ್ಮೇಲೆ ಈ ಜಾಗ ನನ್ನದಾಯ್ತು. ಈಗ ಇದನ್ನ ಬಿಟ್ಟು ಹೋಗು ಅಂದ್ರೆ ಹೋಗಲ್ಲ. ಆದ್ರೆ ಮೊದಲ ದಿನದಿಂದ ಹಾಗಿತ್ತು ಅಂತ ಹೇಳಿದ್ನಲ್ಲ, ಅದು ತಪ್ಪು."

ಮಷೀನು ತನ್ನ ಪಾಡಿಗೆ ತಿರುಗುತ್ತಿತ್ತು. ಅಷ್ಟು ಹೊತ್ತು ತಾಯಿಯ ಹಿಂದೆ ಅಡಗಿದ್ದ ಉದ್ದನೆಯ ಹುಡುಗ ಈಚೆಗೆ ಬಂದು ಕೇಳಿದ, "ಈ ಬೆಂಚಲ್ಲಿ ಹುಡುಗರೂ ಕೂರಬಹುದಾ?"

"ಬಟ್ಟೆ ತರ್ಬಾರ್ದು ಅಷ್ಟೆ," ಎಂದಳು ಡಾಕ್ಟರು. ಆಗ ಎಲ್ಲರಿಗೂ ನಗು ಬಂತು. ಅದಾದ ಮೇಲೆ ಪ್ರಶ್ನೆಗಳ ಸುರಿಮಳೆಯೇ ಆಯಿತು. ಫೇಲಾದರೆ ಏನು, ಊಟ ಸೇರದಿದ್ದರೆ ಏನು, ಜೊತೆಗಾರ ಗೊರಕೆ ಹೊಡೆದರೆ ಏನು, ಹೀಗೆ ಹುಲ್ಲುಹಾಸಿನ ಮೇಲೆ ಯಾರ ಬಾಯಿಗೂ ಬಾರದ ಪ್ರಶ್ನೆಗಳು. ದೊಡ್ಡವಳು ಒಂದಕ್ಕೂ ಮೇಡಂ ಕೊಟ್ಟ ಉತ್ತರ ಹೇಳಲಿಲ್ಲ.

ಗುಂಪು ಚದುರಿದ ಮೇಲೆ ಬೆಂಚಿನ ಮೇಲೆ ಉಳಿದವರು ಮೂವರು. ಡಾಕ್ಟರು ಜಾಣೆ, ಪುಸ್ತಕ ಕಂಕುಳಿಗಿಟ್ಟು ಮೇಲೆ ಹೋಗಿದ್ದಳು. ಅಪ್ಪ ತನ್ನ ಅಂಗೈ ನೋಡಿಕೊಂಡು ಕೂತಿದ್ದ.

"ಒಂದು ಮಾತು ಹೇಳಬಾರ್ದಿತ್ತಾ ಮಗಳೇ?" ಎಂದ.

"ಹೇಳಿದ್ರೆ ನೀನು ಇದ್ದ ಬಸ್ಸು ತಿರುಗಿಸ್ಕೊಂಡು ಇಲ್ಲಿಗೆ ಬಂದ್ಬಿಡ್ತಿದ್ದೆ."

ಅಪ್ಪ ಯೋಚಿಸಿದ. "ಬರ್ತಿದ್ದೆ," ಎಂದು ಒಪ್ಪಿಕೊಂಡ. "ಪ್ರಯಾಣಿಕರ ಸಮೇತ."

ದೊಡ್ಡವಳಿಗೆ ನಗುವೂ ಅಳುವೂ ಒಟ್ಟಿಗೆ ನುಗ್ಗಿ ಬಂದವು. ಅಪ್ಪ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡ. ಇಸ್ತ್ರಿ ಅಂಗಿ ಒದ್ದೆಯಾಯಿತು. ಅಪ್ಪನ ಇನ್ನೊಂದು ಪಕ್ಕದಿಂದ ಚಿಕ್ಕವಳು ಬಗ್ಗಿ ನೋಡಿದಳು.

"ನಿನಗೆ ಹೇಗೆ ಗೊತ್ತಾಯ್ತೇ?" ಎಂದಳು ದೊಡ್ಡವಳು ಮೂಗು ಒರೆಸುತ್ತ.

"ದಿನಾ ಬಟ್ಟೆ ಒಗೆಯೋ ಮಹಾತಾಯಿ ರಜೆಗೆ ಬರೋವಾಗ ಒಂದು ಮೂಟೆ ಕೊಳೆ ಬಟ್ಟೆ ಹೊತ್ಕೊಂಡು ಬರ್ತಿದ್ದೆಯಲ್ಲ! ಅಮ್ಮ ಹೆಮ್ಮೇಲಿ ಕುರುಡಾಗಿದ್ಲು. ಆ ಮೂಟೆ ಒಗೆದೋಳು ಯಾರು? ನಾನು."

ಕಳ್ಳತನ ಎಷ್ಟೇ ನಯವಾಗಿ ಮಾಡಿದರೂ ಒಂದು ಮೂಟೆ ಕೊಳೆಬಟ್ಟೆ ಅದನ್ನು ಊರಿಗೆಲ್ಲ ಸಾರುತ್ತದೆ. ದೊಡ್ಡವಳು ಹಣೆ ಚಚ್ಚಿಕೊಂಡಳು. ಇಷ್ಟು ಸಣ್ಣ ಲೆಕ್ಕ ತಪ್ಪಿದವಳು ಗಣಿತ ಓದುತ್ತಿದ್ದಳು, ನೋಡಿ.

"ಹಾಗಾದ್ರೆ ಬರೋದಿಲ್ಲ ಅಂತ ಆವಾಗಲೇ ಅಂದ್ಕೊಂಡಿದ್ದೆ ಅನ್ನು," ಎಂದಳು, ಎದೆ ಗಟ್ಟಿ ಮಾಡಿಕೊಂಡು. "ಇರ್ಲಿ ಬಿಡು. ಊರಿನ ಕಾಲೇಜೂ ಒಳ್ಳೇದೇ. ನಾನೇ ಅಪ್ಪ ಅಮ್ಮನಿಗೆ ಹೇಳ್ತೀನಿ."

"ಹೂಂ, ಬರಬಾರ್ದು ಅಂತಾನೇ ಬಂದಿದ್ದೆ," ಎಂದಳು ಚಿಕ್ಕವಳು. "ಆದ್ರೆ ನೀನು ಅಳ್ತಿದ್ದೆ ಅಂತಲ್ಲ. ಅತ್ತಿದ್ದನ್ನ ಮುಚ್ಚಿಡ್ತಿದ್ದೀಯ ಅಂತ. ನಾನು ಎಂಥ ಅಳುಬುರುಕಿ ನಿನಗೆ ಗೊತ್ತಲ್ಲಕ್ಕ. ಒಂದಿನಾನೂ ಅತ್ತೇ ಇಲ್ಲ ಅನ್ನೋ ಅಕ್ಕನ ಪಕ್ಕದಲ್ಲಿ ನಾನು ಹೇಗೆ ಅಳಲಿ? ಯಾರ ಹತ್ರ ಹೋಗ್ಲಿ? ಇವತ್ತು ಈ ಕೋಣೆ ಮುಚ್ಚಿದೆ ಅಂತ ನೀನು ಒಂದು ಮಾತು ಹೇಳಿದ್ದಿದ್ರೂ ಅಪ್ಪನ ಜೊತೆ ವಾಪಸ್ ಹೋಗ್ತಿದ್ದೆ."

"ಈಗ?"

"ಈಗ ಏನು? ಅಳೋಕೆ ಜಾಗ ಎಲ್ಲಿದೆ ಅಂತ ತೋರಿಸಿದೀಯ. ಬರ್ತೀನಿ."

ತಂಗಿ ಓಡಿಹೋಗಬಾರದೆಂದು ಇಷ್ಟು ದಿನ ಯಾವುದನ್ನು ಬಚ್ಚಿಟ್ಟಿದ್ದಳೋ, ಅದಿಲ್ಲದೆ ತಂಗಿ ಬರುತ್ತಲೇ ಇರಲಿಲ್ಲ. ಅಪ್ಪ ಎದ್ದು ಕಣ್ಣೊರೆಸಿಕೊಂಡು, ಮೆಟ್ಟಿಲ ಕಡೆ ಕೈ ಮಾಡಿ, "ರೈಟ್, ಹೋಗೋಣ," ಎಂದ. ಆ ಸಂಜೆ ನಿಲ್ದಾಣದಿಂದ ಅಮ್ಮನಿಗೆ ಫೋನು ಮಾಡಿ ದೊಡ್ಡವಳೇ ಎಲ್ಲವನ್ನೂ ಹೇಳಿದಳು. ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ, "ಅಕ್ಕಪಕ್ಕದೋರಿಗೆ ಏನಂತ ಹೇಳ್ಲಿ ಈಗ?" ಎಂದಳು.

ಹೊಸ ವರ್ಷದ ತರಗತಿಗಳು ಶುರುವಾದವು. ಚಿಕ್ಕವಳಿಗೂ ಅದೇ ಹಾಸ್ಟೆಲ್, ಬೇರೆ ಮಹಡಿ. ಮೊದಲ ವಾರ ಅಕ್ಕನ ಬಾಲ ಹಿಡಿದುಕೊಂಡೇ ಓಡಾಡಿದಳು. ಎರಡನೇ ವಾರ, "ನಾನೇ ನೋಡ್ಕೊಳ್ತೀನಿ," ಎಂದು ಕೈ ಕೊಡವಿದಳು. ಮೂರನೇ ವಾರ ಕಣ್ಣಿಗೇ ಬೀಳಲಿಲ್ಲ. ದೊಡ್ಡವಳು ತಡೆದು ತಡೆದು, ಒಂದು ಭಾನುವಾರ ಮಧ್ಯಾಹ್ನ ಊಟದ ಮನೆಯಲ್ಲೂ ಅವಳು ಕಾಣದಿದ್ದಾಗ, ನೆಟ್ಟಗೆ ನೆಲಮಾಳಿಗೆಗೆ ಇಳಿದಳು.

ಮೆಟ್ಟಿಲ ಮೇಲಿರುವಾಗಲೇ ಗುಂಯ್ ಎಂಬ ಸದ್ದು ಕೇಳಿತು.

ಬೆಂಚಿನ ತುದಿಯಲ್ಲಿ ಚಿಕ್ಕವಳು ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಎದುರಿನ ಮಷೀನು ಖಾಲಿ ತಿರುಗುತ್ತಿತ್ತು. ದೊಡ್ಡವಳು ಪಕ್ಕದ ಮಷೀನಿನ ಬಾಗಿಲು ಹಾಕಿ ಗುಂಡಿ ಒತ್ತಿದಳು. ಅದೂ ತಿರುಗತೊಡಗಿತು. ಬೆಂಚಿಗೆ ಬಂದು ಹೆಗಲಿಗೆ ಹೆಗಲು ತಾಗುವಂತೆ ಕೂತಳು. ಚಿಕ್ಕವಳು ತಲೆ ಎತ್ತದೆ ಅಕ್ಕನ ತೋಳು ಹಿಡಿದುಕೊಂಡಳು.

ಅಷ್ಟರಲ್ಲಿ ಚಿಕ್ಕವಳ ಫೋನು ಹೊಡೆದುಕೊಂಡಿತು. ಅಮ್ಮ. ದೊಡ್ಡವಳು ಎತ್ತಿದಳು.

"ಏನೇ ಅದು ಸದ್ದು?" ಎಂದಳು ಅಮ್ಮ. "ಈ ಸಲ ಜೋರಾಗಿದೆ."

"ಎರಡು ಮಷೀನಮ್ಮ."

"ಖಾಲೀನಾ?"

"ಖಾಲಿ."

ಆಚೆ ಕಡೆ ಅಪ್ಪ ಏನೆಂದು ಕೇಳುವುದು, ಅಮ್ಮ ಏನೋ ಹೇಳುವುದು ಸಣ್ಣಗೆ ಕೇಳಿಸಿತು.

"ಇಬ್ಬರೂ ಒಟ್ಟಿಗೆ ಇದೀರಾ?"

"ಇದೀವಮ್ಮ."

"ಸರಿ ಹಾಗಾದ್ರೆ," ಎಂದಳು ಅಮ್ಮ. "ಅತ್ತು ಮುಗಿಸಿ ಊಟ ಮಾಡಿ."